ಬಾಕಿ ಉಳಿದ ಅರವತ್ತೊಂದು

ಮಾರ್ಚ್ 3, ಮಂಗಳವಾರ

ಮೂರು ಗಂಟೆ ಹತ್ತು ನಿಮಿಷ. ಎಬ್ಬಿಸಿದ್ದು ಮಗುವಲ್ಲ, ಲಿಫ್ಟು. ನಾಲ್ಕನೆಯ ಮಹಡಿಯಲ್ಲಿ ಯಾರೋ ಅದರ ಬಾಗಿಲು ಸರಿಯಾಗಿ ಎಳೆಯದೆ ಹೋಗಿದ್ದಾರೆ. ಟಿಂಗ್, ಟಿಂಗ್, ಟಿಂಗ್ ಎಂದು ಅದು ಅಲ್ಲಿಂದಲೇ ಗೋಗರೆಯುತ್ತಿದೆ. ಇವರು ಮಲಗಿದ್ದಾರೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಲಗಿದ್ದಾರೆ. ಮಗುವೂ ಮಲಗಿದೆ. ಮಗು ಮಲಗಿದಾಗ ನೀನೂ ಮಲಗು ಎಂದು ಏಳು ತಿಂಗಳಿಂದ ಊರೆಲ್ಲ ಬುದ್ಧಿ ಹೇಳಿದ್ದಾಯಿತು. ಮಗು ಮಲಗಿದಾಗ ನಾನು ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ.

ಬರೆದರೆ ತಲೆ ತಣ್ಣಗಾದೀತೆಂದು ಈ ನೋಟ್‌ಬುಕ್ ತೆಗೆದಿದ್ದೇನೆ. ಯಾರಿಗೂ ತೋರಿಸುವುದಲ್ಲ.

ಬಸುರಿಯಾದಾಗ ಬಿಟ್ಟಿದ್ದ ಕಂಪ್ಯೂಟರ್ ಕೋರ್ಸಿನ ಕೊನೆಯ ಸೆಮಿಸ್ಟರ್ ಈಗ ನಡೆಯುತ್ತಿದೆ. ನನ್ನ ನೋಂದಣಿಯ ಅವಧಿ ಈ ಸಲಕ್ಕೆ ಮುಗಿಯುತ್ತದೆ. ಫೇಲಾದರೆ ಮತ್ತೆ ಮೊದಲ ವರ್ಷದಿಂದ ಶುರುಮಾಡಬೇಕು. ಅಂದರೆ ಇನ್ನಿಲ್ಲ ಎಂದೇ ಅರ್ಥ. ಮೇಡಂ ನಿನ್ನೆ ಷರತ್ತು ಹೇಳಿದರು. ಪರೀಕ್ಷೆಯಿಲ್ಲ. ಓಪನ್ ಸೋರ್ಸ್ ಟೂಲ್ ಒಂದನ್ನು ಆರಿಸಿಕೊಳ್ಳಬೇಕು. ಪ್ರೋಗ್ರಾಂ ಬರೆಯುವವರಿಗೆ ಉಪಯೋಗವಾಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿ, ಯಾರು ಬೇಕಾದರೂ ತಿದ್ದಲಿ ಎಂದು ಪುಕ್ಕಟೆಯಾಗಿ ಇಟ್ಟಿರುತ್ತಾರಲ್ಲ, ಅಂಥದ್ದು. ಅದರದೊಂದು ದೋಷ ತಿದ್ದಿ ವಿನಂತಿ ಕಳಿಸಬೇಕು. ಅದನ್ನು ನೋಡಿಕೊಳ್ಳುವವರು ಒಪ್ಪಿ ಸೇರಿಸಿಕೊಂಡರೆ, ಅಂದರೆ ಮರ್ಜ್ ಮಾಡಿದರೆ, ಪಾಸು. ಏಪ್ರಿಲ್ 30ರೊಳಗೆ ಮರ್ಜ್ ಆಗಲೇಬೇಕು. ನಮ್ಮ ಪಾಸು ನಾವು ಕಣ್ಣಾರೆ ಕಂಡಿರದವರೊಬ್ಬರ ಕೈಯಲ್ಲಿ.

ನಮ್ಮ ಗುಂಪಿನಲ್ಲಿ ಮೂವರು. ಬಾಯಿ ತೆರೆದರೆ ಮುಚ್ಚದ ಹುಡುಗಿ ಪಟಾಕಿ. ಬಾಗಿಲಿಗೆ ತಲೆ ತಗ್ಗಿಸಿ ಬರುವವನು ಏಣಿ. ಇಬ್ಬರೂ ನನಗಿಂತ ಏಳು ವರ್ಷ ಚಿಕ್ಕವರು. ಕ್ಯಾಂಟೀನಿನಲ್ಲಿ ಕೂತು ಜಗಳವಾಡಿದೆವು.

"ದೊಡ್ಡ ಪ್ರಾಜೆಕ್ಟಿಗೆ ಹೋದ್ರೆ ನಮ್ಮನ್ನ ಯಾರು ಮೂಸಿ ನೋಡ್ತಾರೆ? ಅಲ್ಲಿ ಸಾವಿರ ಜನ ಕ್ಯೂ ನಿಂತಿದ್ದಾರೆ," ಎಂದಳು ಪಟಾಕಿ.

"ಚಿಕ್ಕದಕ್ಕೆ ಹೋದ್ರೆ ಅದು ಆಗ್ಲೇ ಸತ್ತಿರುತ್ತೆ. ನಾವು ಹೆಣಕ್ಕೆ ಇಂಜೆಕ್ಷನ್ ಕೊಡ್ಬೇಕು," ಎಂದ ಏಣಿ.

"ಸತ್ತಿದ್ಯೋ ಬದುಕಿದ್ಯೋ ಅಕ್ಕ ನೋಡ್ಲಿ ಬಿಡೋ. ಹೇಗೂ ರಾತ್ರಿಯೆಲ್ಲ ಎದ್ದಿರ್ತಾರೆ."

ನಕ್ಕೆವು. ಕೆಲಸ ನನ್ನ ಪಾಲಿಗೆ ಬಂತು.

ಮಾರ್ಚ್ 6, ಶುಕ್ರವಾರ

ಹದಿನಾಲ್ಕು ಪ್ರಾಜೆಕ್ಟುಗಳನ್ನು ಜಾಲಾಡಿದೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮೌಸು. ಕೊನೆಯ ಬದಲಾವಣೆ ಯಾವಾಗ, ಜನ ಕೇಳಿದ್ದಕ್ಕೆ ಉತ್ತರ ಎಷ್ಟು ಬೇಗ ಬರುತ್ತದೆ, ಎಲ್ಲ ಪಟ್ಟಿ ಮಾಡಿದೆ. ಕೆಲವರು ಮೂರು ವಾರಕ್ಕೊಮ್ಮೆ ಬಾಯಿ ಬಿಡುತ್ತಾರೆ. ಒಬ್ಬರು ಎಲ್ಲರಿಗೂ ಬೈಯುತ್ತಾರೆ.

'ಜರಡಿ' ಎನ್ನುವುದೊಂದು ಸಿಕ್ಕಿದೆ. ಪುಟ್ಟ ಟೂಲು, ಬಳಸುವವರು ಮಾತ್ರ ಸಾವಿರಾರು. ಪ್ರೋಗ್ರಾಮಿನೊಳಗೆ ಯಾರೂ ಕರೆಯದ, ಯಾವುದಕ್ಕೂ ಬೇಡವಾದ ಸಾಲುಗಳನ್ನು ಸೋಸಿ ತೋರಿಸುತ್ತದೆ. ನೋಡಿಕೊಳ್ಳುವವರು ಒಬ್ಬರೇ. ಅವರ ಗುರುತಿನ ಚಿತ್ರ ಒಂದು ಮಡಿಸಿದ ಕೊಡೆ, ಹೆಸರೂ 'ಮಡಿಸಿದ ಕೊಡೆ'. ಇಲ್ಲಿ ಪ್ರತಿಯೊಂದು ವಿನಂತಿಗೂ ಐದು ನಿಮಿಷದೊಳಗೆ ಉತ್ತರ ಬಂದಿದೆ! ಹಗಲಿಲ್ಲ, ರಾತ್ರಿಯಿಲ್ಲ. ನನ್ನ ಪಟ್ಟಿಯಲ್ಲಿ ಅದರ ಮುಂದೆ ಎರಡು ಗೆರೆ ಎಳೆದೆ.

ನನ್ನ ಹಾಗೆ ಈ ಕೊಡೆಯವರೂ ಮಲಗುವುದಿಲ್ಲವೇನೋ.

ಮಾರ್ಚ್ 9, ಸೋಮವಾರ

ಜರಡಿ ಎಂದು ಬರೆದು ಕೊಟ್ಟೆವು. ಇನ್ನು ಬದಲಿಸುವಂತಿಲ್ಲ. "ಚೆನ್ನಾಗಿ ವಿಚಾರಿಸಿದ್ದೀರಿ ತಾನೆ?" ಎಂದರು ಮೇಡಂ. ಮೂವರೂ ತಲೆಯಾಡಿಸಿದೆವು. ಏಣಿ ಆಗಲೇ ಆ ಮಡಿಸಿದ ಕೊಡೆಯವರಿಗೆ ಕೊಡೆಯಣ್ಣ ಎಂದು ಹೆಸರಿಟ್ಟಿದ್ದಾನೆ.

ಮಾರ್ಚ್ 21, ಶನಿವಾರ

ಕಳಿಸಿದೆವು!

ದೋಷ ಇದು. ಏನಾದರೂ ಕೆಟ್ಟು ನಿಂತಾಗ ಮಾತ್ರ ಕೆಲಸಕ್ಕೆ ಬರುವ ಸಾಲುಗಳು ಪ್ರತಿಯೊಂದು ಪ್ರೋಗ್ರಾಮಿನಲ್ಲೂ ಇರುತ್ತವೆ. ವರ್ಷಗಟ್ಟಲೆ ಅವುಗಳನ್ನು ಯಾರೂ ಕರೆಯುವುದಿಲ್ಲ. ಜರಡಿ ಅವನ್ನೂ ಬೇಡದ್ದೆಂದು ತೋರಿಸುತ್ತಿತ್ತು, ಜನ ನಂಬಿ ಅಳಿಸಿಬಿಡುತ್ತಿದ್ದರು. ಹನ್ನೆರಡು ದಿನ ಕೂತು ಸರಿಮಾಡಿದೆವು. ತಿದ್ದಿದ್ದು ಸರಿಯಿದೆಯೇ ಎಂದು ತಾನಾಗಿಯೇ ಪರೀಕ್ಷಿಸುವ ಸಾಲುಗಳನ್ನು ಬರೆದದ್ದು ಏಣಿ. ವಿವರಣೆ ನನ್ನದು. ಪಟಾಕಿ ನಮ್ಮಿಬ್ಬರ ತಪ್ಪು ಹುಡುಕಿ ಕುಣಿದಳು.

ನಾಲ್ಕೇ ನಿಮಿಷಕ್ಕೆ ಉತ್ತರ: "ನಿಮ್ಮ ಕೊಡುಗೆಗೆ ಹೃತ್ಪೂರ್ವಕ ಧನ್ಯವಾದಗಳು! ಆದಷ್ಟು ಬೇಗ ನೋಡುತ್ತೇವೆ." ಇವರಿಗೆ ಓದಿ ಹೇಳಿದೆ. ಇವರು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವರು, ಕಂಪ್ಯೂಟರು ಅಷ್ಟಕ್ಕಷ್ಟೆ. "ಹಂಗಾದ್ರೆ ಪಾಸಾದೆ ಬಿಡು," ಎಂದರು. ನಾನೂ ಹಾಗೇ ಅಂದುಕೊಂಡೆ. ರಾತ್ರಿ ಒಂದೇ ಸಮನೆ ಮೂರು ಗಂಟೆಗಳ ನಿದ್ದೆ ಬಂತು.

ಮಾರ್ಚ್ 29, ಭಾನುವಾರ

ಅದು ಯಂತ್ರ.

ಬೆಳಿಗ್ಗೆ ಪಟಾಕಿ ಫೋನ್ ಮಾಡಿ, "ಅಕ್ಕಾ, ಆ ಉತ್ತರಗಳನ್ನ ನೀವು ಓದಿದ್ರಾ, ಬರೀ ಎಣಿಸಿದ್ರಾ?" ಎಂದಳು. ತೆರೆದು ನೋಡಿದೆ. ಎಲ್ಲ ಉತ್ತರವೂ ಒಂದೇ. ಯಾವನೋ ವಿನಂತಿಯ ಹೆಸರಿನಲ್ಲಿ ಕೂದಲೆಣ್ಣೆಯ ಜಾಹೀರಾತು ಅಂಟಿಸಿ ಹೋಗಿದ್ದಾನೆ, ಅವನಿಗೂ "ನಿಮ್ಮ ಕೊಡುಗೆಗೆ ಹೃತ್ಪೂರ್ವಕ ಧನ್ಯವಾದಗಳು!" ವಿನಂತಿ ಬಂದರೆ ಬಾಟ್ ತಾನಾಗಿಯೇ ಆ ಸಾಲನ್ನು ಹಾಕುತ್ತದೆ. ಹೆಸರಿನ ಪಕ್ಕದಲ್ಲಿ 'ಬಾಟ್' ಎಂದು ಸಣ್ಣಕ್ಷರದಲ್ಲಿ ಬರೆದೂ ಇದೆ. ರಾತ್ರಿ ಮೂರು ಗಂಟೆಯ ನನ್ನ ಕಣ್ಣಿಗೆ ಕಂಡಿಲ್ಲ.

ಕೊಡೆಯಣ್ಣ ತಾವೇ ಕೈಯಾರೆ ಬರೆದ ಕೊನೆಯ ಮಾತು ಕಳೆದ ಆಗಸ್ಟಿನದು, ನಾನು ಹೆರಿಗೆ ವಾರ್ಡಿನಲ್ಲಿದ್ದ ವಾರ. ಅಲ್ಲಿಂದೀಚೆಗೆ ಅರವತ್ತೊಂದು ವಿನಂತಿಗಳು ಹಾಗೇ ಬಿದ್ದಿವೆ. ಅರವತ್ತೊಂದನೆಯದು ನಮ್ಮದು.

"ಹೋಗ್ಲಿ ಬಿಡಿ ಅಕ್ಕ," ಎಂದಳು ಕೊನೆಗೆ. ಪಟಾಕಿ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳೇ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 30, ಸೋಮವಾರ

ಮೇಡಂ ಕೋಣೆಗೆ ಹೋದೆವು. ಇಳಿಜಾರಿನ ಮೇಜು, ಮೇಲೆ ಬತ್ತಿದ ಪೆನ್ನುಗಳ ಲೋಟ. ಎಲ್ಲ ಕೇಳಿಸಿಕೊಂಡರು.

"ಒಳ್ಳೆ ಪ್ರಾಜೆಕ್ಟ್ ಆರಿಸೋದೇ ಅರ್ಧ ಮಾರ್ಕು ಅಂತ ಮೊದಲ ದಿನವೇ ಹೇಳಿದ್ದೆ."

"ಮೇಡಂ, ಅವರಿಬ್ಬರಿಗಾದರೂ ಬದಲಾಯಿಸಿ ಕೊಡಿ. ತಪ್ಪು ನನ್ನದು."

"ಒಬ್ಬರಿಗೆ ಕೊಟ್ಟರೆ ಇಡೀ ಕ್ಲಾಸು ಬಾಗಿಲಿಗೆ ಬರುತ್ತಮ್ಮ. ಅವರಿಗೆ ಬರೀರಿ. ಮತ್ತೆ ಮತ್ತೆ ಬರೀರಿ. ಯಾವತ್ತೋ ಒಂದಿನ ನೋಡ್ತಾರೆ."

ಏಣಿ ಹೊರಗೆ ಬರುವಾಗ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡ. ಯಾರೂ ನಗಲಿಲ್ಲ.

ಏಪ್ರಿಲ್ 4

ಬರೆದೆ. ಉತ್ತರವಿಲ್ಲ.

ಏಪ್ರಿಲ್ 7

ಬರೆದೆ. ಬಾಟ್ ಧನ್ಯವಾದ ಹೇಳಿತು.

ಏಪ್ರಿಲ್ 10

ಮಗುವಿಗೆ ಹಲ್ಲು ಬರುತ್ತಿದೆ. ಅತ್ತೆ ಹೇಳಿದ ಮೇಲೆ ನೋಡಿದೆ.

ಏಪ್ರಿಲ್ 15, ಬುಧವಾರ

ಉತ್ತರ ಬಂದಿದೆ. ಮನುಷ್ಯರದೇ. "ಕ್ಷಮಿಸಿ. ಈ ವಾರ ನೋಡಲು ಪ್ರಯತ್ನಿಸುತ್ತೇನೆ." ಅಷ್ಟೆ. ಪಟಾಕಿ ನಮ್ಮ ಫೋನಿನ ಗುಂಪಿನಲ್ಲಿ ಇಪ್ಪತ್ತು ಚಪ್ಪಾಳೆ ಒತ್ತಿದಳು.

ಅವರಿಗೆ ಬೇರೆಯವರು ಬರೆದದ್ದನ್ನೆಲ್ಲ ಕೂತು ಓದಿದೆ. "ಎಂಟು ತಿಂಗಳಿಂದ ಕಾಯುತ್ತಿದ್ದೇವೆ." "ನಿಮ್ಮ ಟೂಲು ನಂಬಿ ನಮ್ಮ ಕಂಪನಿ ಕೆಟ್ಟಿತು." "ಇದೇನು ತಮಾಷೆಯೇ?" ಒಬ್ಬ ದಿನಾ ಬೆಳಿಗ್ಗೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ. ಹಲ್ಲುಜ್ಜಿದ ಹಾಗೆ ಅದೂ ಅವನಿಗೊಂದು ನಿತ್ಯಕರ್ಮ. ಕಾಸು ಕೊಡದೆ ತೆಗೆದುಕೊಂಡ ವಸ್ತುವಿಗೆ ಇಷ್ಟು ಅಧಿಕಾರ ಎಲ್ಲಿಂದ ಬರುತ್ತದೋ. ನಾನಾದರೋ ಮರ್ಯಾದೆಯಿಂದ ಕೇಳುತ್ತಿದ್ದೇನೆ.

ಏಪ್ರಿಲ್ 19, ಭಾನುವಾರ

ವಾರ ಮುಗಿಯಿತು. ನೋಡಿಲ್ಲ.

ಆದರೆ ಇವತ್ತು ಯಾಕೋ ಮನಸ್ಸು ನೆಮ್ಮದಿಯಾಗಿತ್ತು. ಬೆಳಿಗ್ಗೆಯಿಂದ ಕಪಾಟುಗಳನ್ನು ಸರಿಮಾಡಿದೆ. ಮಗುವಿನ ಬಟ್ಟೆಗಳನ್ನು ಅಳತೆಯ ಪ್ರಕಾರ ಜೋಡಿಸಿ, ಎರಡು ವರ್ಷದವರೆಗೆ ಆಗುವವನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದೆ. ಒಂದು ಕಾಗದದಲ್ಲಿ ಹಾಲು ಎಷ್ಟು ಹೊತ್ತಿಗೆ, ಯಾವ ಸೀಸೆಯಲ್ಲಿ, ಜ್ವರ ಬಂದರೆ ಯಾವ ಔಷಧಿ ಎಷ್ಟು ಹನಿ, ಅಳು ನಿಲ್ಲದಿದ್ದರೆ ಎಡಗಡೆ ಭುಜದ ಮೇಲೆ ಹಾಕಿಕೊಳ್ಳಬೇಕು, ಬಲಗಡೆಯಲ್ಲ, ಎಂದೆಲ್ಲ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅತ್ತೆ ನೀರು ತೆಗೆದುಕೊಳ್ಳಲು ಬಂದವರು ನಿಂತುಬಿಟ್ಟರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಯಾವ ಕಾಗದವನ್ನೂ ಪೂರ್ತಿ ಓದದೆ ಬಿಡುವುದಿಲ್ಲ.

"ಇದು ಯಾರಿಗೆ?"

"ಯಾರಿಗಾದ್ರೂ. ನಾನಿಲ್ಲದಿದ್ರೂ ನಡೀಬೇಕಲ್ಲ ಅತ್ತೆ."

"ನೀನೆಲ್ಲಿಗೆ ಹೊರಟಿದ್ದೀಯ?"

"ಎಲ್ಲಿಗೂ ಇಲ್ಲ."

ಕಾಗದವನ್ನು ಕಿತ್ತು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. "ಬುಧವಾರ ನನ್ನ ಜೊತೆ ಡಾಕ್ಟರ ಹತ್ತಿರ ಬರ್ತಿದ್ದೀಯ. ತಕರಾರು ಮಾಡಿದ್ರೆ ಹೊತ್ಕೊಂಡು ಹೋಗ್ತೀನಿ. ನಿನಗಿಂತ ಭಾರದವರನ್ನ ಹೊತ್ತಿದ್ದೀನಿ ನಾನು." ರಾತ್ರಿ ಚಾಪೆ ತಂದು ನಮ್ಮ ಕೋಣೆಯಲ್ಲೇ, ಬಾಗಿಲಿಗೆ ಅಡ್ಡ ಮಲಗಿದ್ದಾರೆ. ಗೊರಕೆ ಬೇರೆ. ನಿದ್ದೆ ಬರದಿದ್ದರೆ ಡಾಕ್ಟರೇಕೆ ಬೇಕೋ.

ಏಪ್ರಿಲ್ 22, ಬುಧವಾರ

ಡಾಕ್ಟರು ಹತ್ತು ಪ್ರಶ್ನೆ ಕೇಳಿದರು. ಹತ್ತಕ್ಕೂ ಅವರಿಗೆ ಬೇಕಾದ ಉತ್ತರವನ್ನೇ ಕೊಟ್ಟೆ. ಇದರಲ್ಲಾದರೂ ಪಾಸು. ಹೊರಗೆ ಬಂದಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ನಾನು ಒಳಗೆ ಬರಬೇಕಿತ್ತು," ಎಂದರು.

ಏಪ್ರಿಲ್ 24, ಶುಕ್ರವಾರ

ಇನ್ನು ಆರು ದಿನ. ಕ್ಲಾಸಿನಲ್ಲಿ ನಮ್ಮ ಮೂವರನ್ನು ಬಿಟ್ಟು ಎಲ್ಲರದೂ ಆಯಿತು. ಪಟಾಕಿ ಊಟ ಬಿಟ್ಟಿದ್ದಾಳಂತೆ. ಅವಳ ಅಪ್ಪ, "ಯಾವಳನ್ನೋ ನಂಬಿ ವರ್ಷ ಕಳ್ಕೊಂಡೆ," ಎಂದು ಬೈದರಂತೆ. ಯಾವಳೋ ಎಂದರೆ ನಾನು.

ಮಧ್ಯಾಹ್ನ ಮಗು ಒಂದೇ ಸಮ ಅಳುತ್ತಿತ್ತು. ಅದನ್ನು ತೊಟ್ಟಿಲಲ್ಲಿ ಬಿಟ್ಟು ಬಂದು ಬಾಗಿಲು ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಬರೆದೆ:

"ಈ ವಾರ ನೋಡುತ್ತೇನೆ ಎಂದು ಹೇಳಿ ಹತ್ತು ದಿನವಾಯಿತು. ನಿಮ್ಮಿಂದ ಮೂರು ಜನರ ವರ್ಷ ಹಾಳಾಗುತ್ತಿದೆ. ನನಗೆ ಎಂಟು ತಿಂಗಳ ಮಗುವಿದೆ. ನಾನೂ ಮಲಗಿಲ್ಲ, ಆದರೂ ಮಾಡಬೇಕಾದ ಕೆಲಸ ಮಾಡಿದ್ದೇನೆ. ನಿಮ್ಮ ಕೈಲಿ ಆಗದಿದ್ದರೆ ಆಗುವವರಿಗೆ ಬಿಟ್ಟುಕೊಡಿ. ಅಡ್ಡ ನಿಲ್ಲಬೇಡಿ."

ಸಂಜೆಯೊಳಗೆ ನಲವತ್ತು ಜನ ಹೆಬ್ಬೆರಳೆತ್ತಿ ಮೆಚ್ಚಿದ್ದಾರೆ. ಆ ಪ್ರಶ್ನಾರ್ಥಕ ಚಿಹ್ನೆಯವನೂ "ಕೊನೆಗೂ ಯಾರೋ ಹೇಳಿದರು" ಎಂದು ಬರೆದಿದ್ದಾನೆ. ಬಹಳ ದಿನಗಳ ಮೇಲೆ ಹೊಟ್ಟೆಗೆ ಅನ್ನ ಸೇರಿತು.

ಏಪ್ರಿಲ್ 28, ಮಂಗಳವಾರ

ರಾತ್ರಿ ಹನ್ನೊಂದೂವರೆ. ಆದದ್ದನ್ನು ಒಂದೊಂದಾಗಿ ಬರೆಯಬೇಕು, ಇಲ್ಲದಿದ್ದರೆ ಮುಂದೇನು ಮಾಡಬೇಕೆಂದು ಹೊಳೆಯುವುದಿಲ್ಲ.

ಒಂಬತ್ತಕ್ಕೆ ಫೋನು ಬಡಿದುಕೊಳ್ಳಲು ಶುರುವಾಯಿತು. ಮರ್ಜ್. ಮರ್ಜ್. ಮರ್ಜ್. ಇಪ್ಪತ್ತು ನಿಮಿಷದಲ್ಲಿ ಅರವತ್ತೊಂದನ್ನೂ ಸೇರಿಸಿಕೊಂಡಿದ್ದಾರೆ. ನಮ್ಮದನ್ನೂ. ಪಟಾಕಿ ಫೋನಿನಲ್ಲಿ ಕಿರುಚಿದಳು, "ಅಕ್ಕಾ, ನೀವು ಬಿಟ್ಟ ಬಾಣ ನೋಡಿ! ಕೊಡೆ ಬಿಚ್ಕೊಂತು!" ಹಿಂದೆ ಅವಳ ಅಪ್ಪನ ನಗು ಕೇಳಿಸುತ್ತಿತ್ತು. ಇವರು ಮಗುವನ್ನು ಎತ್ತಿ ಕುಣಿಸಿದರು. ನಾನು ವಿನಂತಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಹೋದೆ. ಕೂದಲೆಣ್ಣೆಯ ಜಾಹೀರಾತನ್ನೂ ಸೇರಿಸಿದ್ದಾರೆ. ನೋಡದೆಯೇ ಸೇರಿಸಿದ್ದಾರೆ. ಹಿಂದೊಮ್ಮೆ ಒಂದು ಅಲ್ಪವಿರಾಮಕ್ಕೆ ಮೂರು ದಿನ ವಾದ ಮಾಡಿದ್ದ ಮನುಷ್ಯ.

ಆಮೇಲೆ ನನಗೊಬ್ಬಳಿಗೇ ಒಂದು ಸಂದೇಶ ಬಂತು:

"ನೀವು ಹೇಳಿದ್ದು ಸರಿ. ಬಿಟ್ಟುಕೊಡಬೇಕಾದವನು ಹಿಡಿದುಕೊಂಡು ಕೂತಿದ್ದೆ. ಬಾಕಿಯಿದ್ದದ್ದೆಲ್ಲ ಮುಗಿಸಿದ್ದೇನೆ. ಪೂರ್ತಿ ಅಧಿಕಾರ ನಿಮ್ಮ ಹೆಸರಿಗೆ ಮಾಡಿದ್ದೇನೆ. ಯಾವ ಪಾಸ್‌ವರ್ಡು ಎಲ್ಲಿದೆ, ವರ್ಷಕ್ಕೊಮ್ಮೆ ಏನೇನು ಮಾಡಬೇಕು, ಎಲ್ಲ ಬರೆದಿಟ್ಟಿದ್ದೇನೆ. ನನ್ನನ್ನು ಕೇಳುವ ಅಗತ್ಯ ಬರುವುದಿಲ್ಲ. ಎಷ್ಟೋ ತಿಂಗಳ ಮೇಲೆ ಇವತ್ತು ಹಗುರವಾಗಿದೆ. ನಿಮ್ಮ ಮೇಲೆ ಚೂರೂ ಬೇಸರವಿಲ್ಲ. ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ."

ಇವರು ಹೇಳಿದರು, "ಎಷ್ಟು ಒಳ್ಳೆಯವರು ನೋಡು."

ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಇವರ ಮನೆಯವರ ನಂಬರ್ ಇದೆಯಾ?"

ಇಲ್ಲ. ಹೆಸರೇ ಇಲ್ಲ. ತಿರುಗಿ ಬರೆದೆ: "ಇದ್ದೀರಾ? ನಾನು ಬರೆದದ್ದು ತಪ್ಪು. ಒಂದೇ ಒಂದು ಸಾಲು ಉತ್ತರ ಕೊಡಿ." ಎಂಟು ಸಲ ಬರೆದೆ. ಮೇಲ್ ಹಾಕಿದರೆ ವಿಳಾಸವಿಲ್ಲ ಎಂದು ವಾಪಸು ಬಂತು. ಅತ್ತೆ ಪೊಲೀಸರಿಗೆ ಫೋನ್ ಮಾಡಿ, ಒಬ್ಬರು ಜೀವಕ್ಕೆ ಏನಾದರೂ ಮಾಡಿಕೊಳ್ಳಬಹುದು ಎಂದರು. ಆ ಕಡೆಯವನು ಸಮಾಧಾನದಿಂದಲೇ ಕೇಳಿದ, "ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಕೊಡೆ ಅಂತೀರಿ. ನಾವು ಯಾವ ಬಾಗಿಲು ತಟ್ಟೋದು ಅಮ್ಮ?" ಅತ್ತೆ ಹೇಳಿದರು, "ಅದನ್ನ ಹುಡುಕ್ತಿದ್ದೀವಿ. ಸಿಕ್ಕ ತಕ್ಷಣ ಫೋನ್ ಮಾಡ್ತೀನಿ, ನೀನು ನಿದ್ದೆ ಮಾಡ್ಬೇಡ." ಜಾಲತಾಣದವರಿಗೆ ದೂರು ಬರೆದೆ. ಎರಡು ಕೆಲಸದ ದಿನಗಳಲ್ಲಿ ಸಂಪರ್ಕಿಸುತ್ತೇವೆ ಎಂದು ತಕ್ಷಣ ಉತ್ತರ ಬಂತು. ಯಂತ್ರದ್ದು.

ಏಣಿಯನ್ನು ಎಬ್ಬಿಸಿದೆ. ಅವರ ಹಳೆಯ ಬದಲಾವಣೆಗಳನ್ನೂ ಅವುಗಳ ಜೊತೆ ಬರೆದ ಟಿಪ್ಪಣಿಗಳನ್ನೂ ಇಬ್ಬರೂ ಮೊದಲಿನಿಂದ ಓದುತ್ತಿದ್ದೇವೆ. ಪ್ರತಿಯೊಂದು ಬದಲಾವಣೆಯ ಪಕ್ಕದಲ್ಲಿ ಬರೆದವರ ಗಡಿಯಾರದ ಹೊತ್ತು ದಾಖಲಾಗಿರುತ್ತದೆ. ಅವರದೂ ನಮ್ಮದೂ ಒಂದೇ ಹೊತ್ತು. ಅಂದರೆ ಅಲ್ಲೂ ಈಗ ರಾತ್ರಿ. ಪಟಾಕಿ ಮತ್ತೆ ಫೋನ್ ಮಾಡಿ, ನಾಳೆ ಮೇಡಂಗೆ ಯಾರು ತೋರಿಸೋದು ಎಂದಳು. ಏನನ್ನು ಎಂದು ಕೇಳಿದೆ.

ಮಗು ಅಳುತ್ತಿದೆ. ಎಡಗೈಯಲ್ಲಿ ಎತ್ತಿಕೊಂಡೇ ಬರೆಯುತ್ತಿದ್ದೇನೆ. ಅಧಿಕಾರವೆಲ್ಲ ನನ್ನ ಹೆಸರಿಗಿದೆಯಲ್ಲ, ಜರಡಿಯ ಮೊದಲ ಪುಟದಲ್ಲಿದ್ದದ್ದನ್ನೆಲ್ಲ ಅಳಿಸಿಬಿಟ್ಟೆ. ಅದನ್ನು ದಿನಕ್ಕೆ ಸಾವಿರ ಜನ ತೆರೆಯುತ್ತಾರೆ, ರಾತ್ರಿಯೂ ತೆರೆಯುತ್ತಾರೆ. ಅಲ್ಲಿ ಹಾಕಿರುವುದನ್ನು ಇಲ್ಲಿಯೂ ಬರೆಯುತ್ತಿದ್ದೇನೆ. ಒಂದು ಪದವಾದರೂ ಬಿಟ್ಟುಹೋಗಿದ್ದರೆ ಗೊತ್ತಾಗಲಿ.

"ಇದನ್ನು ತೆರೆದವರೇ, ನೀವು ಹುಡುಕಿ ಬಂದದ್ದು ಇಲ್ಲಿಲ್ಲ, ನಾಳೆ ಇರುತ್ತದೆ. ದಯವಿಟ್ಟು ಓದಿ. ಈ ಟೂಲನ್ನು ಒಬ್ಬರೇ ಒಂಬತ್ತು ವರ್ಷ ನೋಡಿಕೊಂಡರು. ಅವರ ನಿಜವಾದ ಹೆಸರು ನಮಗೆ ಗೊತ್ತಿಲ್ಲ. ಗೊತ್ತಿರುವುದಿಷ್ಟು. ಹಗಲು ಒಂದು ಶಾಲೆಯಲ್ಲಿ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾರೆ, ಅಥವಾ ಮಾಡುತ್ತಿದ್ದರು. ಅವರ ಬೆಕ್ಕು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಆರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ತಂಗಿಯ ಮದುವೆಯೆಂದು ಮೂರು ದಿನ ರಜೆ ಹಾಕಿದ್ದರು. ಬೇರೆ ರಜೆ ಹಾಕಿದ್ದು ಕಾಣಲಿಲ್ಲ. ಇವತ್ತು ರಾತ್ರಿ ಅವರು ಎಲ್ಲವನ್ನೂ ಬಿಟ್ಟುಕೊಟ್ಟಿದ್ದಾರೆ, ಹಗುರವಾಗಿದೆ ಎಂದಿದ್ದಾರೆ. ಅಂಥ ಹಗುರ ನನಗೆ ಗೊತ್ತು. ಬಿಟ್ಟುಕೊಡಿ ಎಂದು ಬರೆದವಳು ನಾನೇ. ಮೆಚ್ಚಿದ ನಲವತ್ತು ಜನರೇ, ನೀವೂ ಹುಡುಕಿ. ನೀವು ಅವರ ಜೊತೆ ಓದಿದವರಾಗಿದ್ದರೆ, ಆ ಶಾಲೆಯವರಾಗಿದ್ದರೆ, ಆ ತಂಗಿಯೇ ಆಗಿದ್ದರೆ, ಸಂದೇಶ ಕಳಿಸಬೇಡಿ, ಸಂದೇಶಗಳು ಅವರಿಗೆ ಸಾಕಾಗಿವೆ. ಫೋನ್ ಮಾಡಿ. ಎತ್ತದಿದ್ದರೆ ಮತ್ತೆ ಮಾಡಿ, ಪಕ್ಕದ ಮನೆಯವರಿಗೆ ಮಾಡಿ, ಬಾಗಿಲು ತಟ್ಟಿಸಿ. ಅವರ ಗುರುತು ಹತ್ತಿ ನಂಬರ್ ಇಲ್ಲದಿದ್ದರೆ ನನಗೆ ಮಾಡಿ, ನನ್ನ ನಂಬರ್ ಕೆಳಗಿದೆ, ನಾನು ಎದ್ದೇ ಇರುತ್ತೇನೆ. ಹೊತ್ತಾಯಿತೆಂದು ಸಂಕೋಚ ಬೇಡ, ತಪ್ಪು ತಿಳಿದಿದ್ದರೆ ಬೈಸಿಕೊಳ್ಳಲು ನಾನಿದ್ದೇನೆ. ಕೈಮುಗಿಯುತ್ತೇನೆ, ಬೆಳಗಾಗುವುದರೊಳಗೆ ಮಾಡಿ."